ಗೋಧಿಯ ಎಲೆಚುಕ್ಕೆಗೆ ಔಷಧ ನಾಟದಂತಾದದ್ದು ಹೇಗೆ?

ಮಳೆ ಹೆಚ್ಚಿರುವ ಬ್ರಿಟನ್, ಐರ್ಲೆಂಡಿನಲ್ಲಿ ಗೋಧಿಯನ್ನು ಬಿಡದೆ ಕಾಡುವುದು ಸೆಪ್ಟೋರಿಯಾ ಎಲೆಚುಕ್ಕೆ ಎಂಬ ಶಿಲೀಂಧ್ರ ರೋಗ. ಮಳೆಹನಿ ಸಿಡಿದಂತೆ ಕೆಳಗಿನ ಎಲೆಯಿಂದ ಮೇಲಕ್ಕೇರುತ್ತದೆ. ತಗುಲಿದ ಮೇಲೂ ಎರಡರಿಂದ ನಾಲ್ಕು ವಾರ ಕಣ್ಣಿಗೆ ಬೀಳುವುದಿಲ್ಲ. 1980ರ ದಶಕದಲ್ಲಿ ಕಾರ್ಬೆಂಡಜಿಮ್ ಗುಂಪಿನ ಔಷಧಗಳು ಇದರ ಮುಂದೆ ಸೋತವು. ಅಜೋಲ್ ಎಂಬ ಇನ್ನೊಂದು ಗುಂಪಿನ ಔಷಧಗಳ ಬಲ ಮೆಲ್ಲಮೆಲ್ಲಗೆ ಸವೆಯಿತು.

ಸ್ಟ್ರಾಬಿಲ್ಯುರಿನ್ ಗುಂಪಿನ ಔಷಧಗಳದು ಬೇರೆಯೇ ಕಥೆ. ಪೈನ್ ಕಾಯಿಯ ಮೇಲೆ ಬೆಳೆಯುವ ಪುಟ್ಟ ಅಣಬೆಯಂಥವುಗಳಲ್ಲಿ ಸಿಕ್ಕ ವಸ್ತುವೇ ಇವಕ್ಕೆ ಮಾದರಿ. ಈ ಗುಂಪಿನ ಅಜಾಕ್ಸಿಸ್ಟ್ರೋಬಿನ್ 1996ರಲ್ಲಿ ಯುರೋಪಿನ ಹೊಲಗಳಿಗೆ ಬಂತು. ಬೆಳೆ ಹೆಚ್ಚು ದಿನ ಹಸಿರಾಗಿ ನಿಂತಿತು, ಇಳುವರಿ ಏರಿತು, ಸಿಂಪಡಣೆಯೂ ಏರಿತು. 1998ರಲ್ಲೇ ಉತ್ತರ ಜರ್ಮನಿಯಲ್ಲಿ ಗೋಧಿಯ ಬೂದಿರೋಗ ಈ ಔಷಧಕ್ಕೆ ಬಗ್ಗದಾಯಿತು. ಅದೊಂದು ಎಚ್ಚರಿಕೆಯಾಗಿತ್ತು. 2002ರಲ್ಲಿ ಸೆಪ್ಟೋರಿಯಾದಲ್ಲೂ ಅದೇ ಕಂಡಿತು. ಕೆಲವೇ ವರ್ಷಗಳಲ್ಲಿ ಈ ರೋಗಕ್ಕೆ ಇಡೀ ಗುಂಪೇ ನಿಷ್ಪ್ರಯೋಜಕವಾಯಿತು.

ಶಿಲೀಂಧ್ರದ ಉಸಿರಾಟಕ್ಕೆ ಬೇಕಾದ, ಔಷಧ ಹೋಗಿ ಕೂರುವ ಸೈಟೋಕ್ರೋಮ್-ಬಿ ಪ್ರೋಟೀನಿನ 143ನೇ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲದ ಬದಲು ಅಲನೈನ್ ಬಂದಿತ್ತು. ವಂಶವಾಹಿಯಲ್ಲಿ ಒಂದಕ್ಷರ ಬದಲಾದರೆ ಇಷ್ಟಾಗುತ್ತದೆ. ಆಮೇಲೆ ಡೋಸ್ ದುಪ್ಪಟ್ಟು ಮಾಡಿದರೂ ನಾಟದು. ಧಾರವಾಡದ ಕಡೆ ಭಂಡಾರ ರೋಗ ಎನ್ನುವ ತುಕ್ಕುರೋಗದ ಶಿಲೀಂಧ್ರಕ್ಕೆ ಈ ದಾರಿ ಮುಚ್ಚಿದೆ: ಅಲ್ಲಿ 143ರ ಪಕ್ಕದಲ್ಲೇ ಇಂಟ್ರಾನ್ (ಪ್ರೋಟೀನು ತಯಾರಾಗುವ ಮೊದಲು ಕಳಚಿ ಹೋಗಬೇಕಾದ ವಂಶವಾಹಿಯ ತುಣುಕು) ಇದೆ, ಆ ಅಕ್ಷರ ಬದಲಾದರೆ ಇಂಟ್ರಾನ್ ಕಳಚಿಕೊಳ್ಳದೆ ಪ್ರೋಟೀನೇ ತಯಾರಾಗುವುದಿಲ್ಲ. ಹಾಗಾಗಿ ತುಕ್ಕಿಗೆ ಈ ಔಷಧ ಇನ್ನೂ ನಾಟುತ್ತದೆ.

ಮುಂದೆ ಬಂದ ಎಸ್‌ಡಿಎಚ್‌ಐ ಎಂಬ ಔಷಧ ಗುಂಪಿಗೂ 2015ರ ಹೊತ್ತಿಗೆ ಪ್ರತಿರೋಧ ಕಾಣಿಸಿಕೊಂಡಿತು. ಏಕಕಾಲಕ್ಕೆ ಹಲವು ಕಡೆ ಹೊಡೆಯುವ, ಅದಕ್ಕಾಗಿಯೇ ಪ್ರತಿರೋಧ ಸುಲಭಕ್ಕೆ ಬೆಳೆಯದ ಕ್ಲೋರೋಥಲೋನಿಲ್ ಬಳಕೆ ಯುರೋಪಿನಲ್ಲಿ 2020ರಲ್ಲಿ ನಿಂತಿತು. ಅದೇ ಬಗೆಯದಾಗಿ ಉಳಿದ ಫೋಲ್ಪೆಟ್ ಎಂಬ ಔಷಧಕ್ಕೆ ಅಷ್ಟು ಬಲವಿಲ್ಲ.

ಈಗಿನ ಪದ್ಧತಿಯಲ್ಲಿ ಎಸ್‌ಡಿಎಚ್‌ಐ ಒಂದು ಬೆಳೆಗೆ ಹೆಚ್ಚೆಂದರೆ ಎರಡು ಸಲ, ಅದೂ ಬೇರೆ ಗುಂಪಿನೊಡನೆ ಬೆರೆಸಿ. ಜೊತೆಗಾರ ಔಷಧ ಒಂಟಿಯಾಗಿಯೂ ಈ ರೋಗ ತಡೆಯುವಂತಿರಬೇಕು. ಇಲ್ಲದಿದ್ದರೆ ಬೆರಕೆ ಹೆಸರಿಗಷ್ಟೇ. ಮುಖ್ಯ ಸಿಂಪಡಣೆ ಎರಡು: ಮೇಲಿನಿಂದ ಮೂರನೇ ಎಲೆ ಬಿಚ್ಚಿದಾಗ ಒಂದು, ತುದಿಯ ಧ್ವಜ ಎಲೆ ಪೂರ್ತಿ ಬಿಚ್ಚಿದಾಗ ಇನ್ನೊಂದು. ತಡವಾದರೆ ಎಲೆಯೊಳಗೆ ಆಗಲೇ ಬೇರೂರಿದ ಶಿಲೀಂಧ್ರದ ಮೇಲೆ ಔಷಧ ಬಿದ್ದು, ತಡೆದುಕೊಳ್ಳಬಲ್ಲವೇ ಆಯ್ದು ಉಳಿಯುತ್ತವೆ. ರೋಗ ತಡೆಯುವ ತಳಿ ಆರಿಸಿ ಬಿತ್ತನೆಯನ್ನು ಒಂದೆರಡು ವಾರ ತಡಮಾಡಿದರೆ ರೋಗದ ಒತ್ತಡವೇ ಇಳಿಯುತ್ತದೆ, ಒಂದು ಸಿಂಪಡಣೆ ಉಳಿತಾಯವಾಗಲೂಬಹುದು. ಔಷಧದ ಪಟ್ಟಿಗಿಂತ ಮೊದಲು ಯೋಚಿಸಬೇಕಾದದ್ದು ಇದನ್ನೇ.