ವಿಶೇಷ ಅನುಮತಿ ಅರ್ಜಿ: ವಜಾ ಆದರೆ ಆಗುವುದೇನು?

ಹೈಕೋರ್ಟಿನಲ್ಲಿ ಜಮೀನಿನ ಕೇಸು ಸೋತವರು ಮಂಡ್ಯದ ಕೋರ್ಟು ಆವರಣದಲ್ಲಿ ‘ಸುಪ್ರೀಂ ಕೋರ್ಟಿಗೆ ಅಪೀಲು ಹೋಗ್ತೀನಿ’ ಅನ್ನುತ್ತಾರೆ. ಹೆಚ್ಚಿನ ಕೇಸುಗಳಲ್ಲಿ ಅಲ್ಲಿಗೆ ಹೋಗುವುದು ಅಪೀಲಲ್ಲ, ಅಪೀಲು ಹಾಕಲು ಅಪ್ಪಣೆ ಕೇಳುವ ಅರ್ಜಿ. ಅದೇ ಎಸ್‌ಎಲ್‌ಪಿ, ಅಂದರೆ ಸ್ಪೆಷಲ್ ಲೀವ್ ಪಿಟಿಷನ್. ನಡುವಿನ ‘ಲೀವ್’ ರಜೆಯಲ್ಲ, ಅನುಮತಿ.

ಸಂವಿಧಾನದ 136ನೇ ವಿಧಿ ಇದನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿದೆ. ಕಕ್ಷಿದಾರನಿಗೆ ಇದು ಹಕ್ಕಲ್ಲ. ವ್ಯಾಪ್ತಿ ಮಾತ್ರ ದೊಡ್ಡದು: ಸೇನಾ ನ್ಯಾಯಾಲಯಗಳನ್ನು ಬಿಟ್ಟು ಯಾವುದೇ ನ್ಯಾಯಾಲಯ, ನ್ಯಾಯಮಂಡಳಿಯ ಆದೇಶ ಇದರಡಿ ಬರುತ್ತದೆ. ಕಾವೇರಿ ನ್ಯಾಯಮಂಡಳಿಯ ತೀರ್ಪು ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ಈ ಬಾಗಿಲಿಂದಲೇ. 2018ರಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚುವರಿ ನೀರು ಸಿಕ್ಕಿತು.

ಹೈಕೋರ್ಟ್ ತೀರ್ಪಿನ ದಿನದಿಂದ 90 ದಿನ ಗಡುವು. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲ ಅದರಲ್ಲಿ ಸೇರದು. ಅರ್ಜಿ ಸಲ್ಲಿಸಬೇಕಾದವರು ಅಡ್ವೊಕೇಟ್ ಆನ್ ರೆಕಾರ್ಡ್, ಅಂದರೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಸಲ್ಲಿಸಲು ನೋಂದಾಯಿತ ವಕೀಲರು; ಊರಿನ ವಕೀಲರು ನೇರ ಸಲ್ಲಿಸಲಾಗದು. ಕನ್ನಡದ ಪಹಣಿ, ಕ್ರಯಪತ್ರ, ಕೆಳ ಕೋರ್ಟಿನ ತೀರ್ಪು ಎಲ್ಲವೂ ಇಂಗ್ಲಿಷಿಗೆ ಅನುವಾದವಾಗಬೇಕು. ಮಸುಕಾದ ಹಳೇ ಕೈಬರಹದ ನಕಲು ಇಟ್ಟರೆ ರಿಜಿಸ್ಟ್ರಿ (ಕೋರ್ಟಿನ ಕಚೇರಿ) ಆಕ್ಷೇಪ ಎತ್ತಿ ಕಡತ ಹಿಂದಿರುಗಿಸುತ್ತದೆ. ಸರಿಪಡಿಸಲು ಒಟ್ಟು 28 ದಿನ. ಮೀರಿದರೆ ಆ ವಿಳಂಬಕ್ಕೂ ಬೇರೆ ಅರ್ಜಿ. ಹೈಕೋರ್ಟಿನಲ್ಲಿ ತೋರಿಸದ ಹೊಸ ದಾಖಲೆಗೂ ಪ್ರತ್ಯೇಕ ಅನುಮತಿ ಬೇಕು.

ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೆಲವೇ ನಿಮಿಷ ಕೇಳುತ್ತದೆ. ಸಾಕ್ಷಿಯನ್ನು ಮತ್ತೆ ತೂಗಿ ನೋಡಿ ಎಂಬ ವಾದ ಅಲ್ಲಿ ನಿಲ್ಲುವುದು ಅಪರೂಪ. ಮಹತ್ವದ ಕಾನೂನು ಪ್ರಶ್ನೆಯೋ ಎದ್ದು ಕಾಣುವ ಅನ್ಯಾಯವೋ ಇರಬೇಕು. ಎದುರು ಕಕ್ಷಿಗೆ ನೋಟಿಸ್ ಹೊರಟರೆ ಅರ್ಧ ಗೆದ್ದಂತೆ ಎಂದುಕೊಳ್ಳುತ್ತಾರೆ, ನೋಟಿಸ್ ತಡೆಯಾಜ್ಞೆಯಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಹೈಕೋರ್ಟಿನಲ್ಲಿ ಗೆದ್ದವರು ಮೊದಲೇ ಕೇವಿಯಟ್ (ನಮ್ಮನ್ನೂ ಕೇಳಿ ಎಂಬ ಮುನ್ನೆಚ್ಚರಿಕೆ ಅರ್ಜಿ) ಹಾಕಿಟ್ಟರೆ ತಮ್ಮ ಮಾತು ಕೇಳದೆ ತಡೆಯಾಜ್ಞೆ ಹೊರಡುವ ಭಯ ಕಡಿಮೆ.

ಅನುಮತಿ ಸಿಕ್ಕರೆ ಅರ್ಜಿ ಅಪೀಲಾಗುತ್ತದೆ. ಅಂತಿಮ ತೀರ್ಪು ಬಂದಾಗ ಹೈಕೋರ್ಟ್ ತೀರ್ಪು ಅದರಲ್ಲಿ ವಿಲೀನ, ಅಂದರೆ ಮುಂದೆ ಸುಪ್ರೀಂ ಕೋರ್ಟಿನ ತೀರ್ಪೇ ಜಾರಿಯಲ್ಲಿರುತ್ತದೆ. ಕಾರಣ ಕೊಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ ವಿಲೀನವಿಲ್ಲ, ಹೈಕೋರ್ಟ್ ಹೇಳಿದ್ದು ಸರಿಯೆಂಬ ಮುದ್ರೆಯೂ ಬೀಳದು. ಕುಂಞಯಮ್ಮದ್ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಈ ಮಾತನ್ನು 2019ರಲ್ಲಿ ಮತ್ತೆ ಎತ್ತಿಹಿಡಿದದ್ದು ನಮ್ಮ ಪಕ್ಕದ ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೇಸ್ ಡಿಸ್ಟಿಲರಿ ನಡುವಿನ ಕೇಸಿನಲ್ಲಿ. ಹಾಗಾಗಿ ಹೈಕೋರ್ಟಿನಲ್ಲೇ ಪುನರ್ವಿಮರ್ಶೆ ಕೇಳುವ ದಾರಿ ಮುಚ್ಚಿಲ್ಲ. ಆದರೆ ಆ ಅರ್ಜಿ ಹಾಕಿದ ಮಾತ್ರಕ್ಕೆ ಡಿಕ್ರಿಯ (ಕೋರ್ಟು ಕೊಟ್ಟ ಅಂತಿಮ ಆದೇಶದ) ಅಮಲ್ಜಾರಿ ನಿಲ್ಲುವುದಿಲ್ಲ.