ಗಾಮಾ ಕಿರಣಗಳಲ್ಲಿ ಡಾರ್ಕ್ ಮ್ಯಾಟರ್: ಹುಡುಕಾಟಕ್ಕೆ ಕುಬ್ಜ ಗ್ಯಾಲಕ್ಸಿಗಳೇ ಏಕೆ?

ಡಾರ್ಕ್ ಮ್ಯಾಟರ್ ಬೆಳಕು ಸೂಸುವುದಿಲ್ಲ. ಆದರೆ ಅದು ವಿಂಪ್ ಎಂಬ ಭಾರವಾದ ಕಣಗಳಿಂದಾಗಿದ್ದರೆ, ಎರಡು ಕಣ ಎದುರಾದಾಗ ಎರಡೂ ನಾಶವಾಗಿ ಕೊನೆಗೆ ಗಾಮಾ ಕಿರಣ ಹೊಮ್ಮಬೇಕು. ಜೋಡಿ ಸೇರಬೇಕಾದ್ದರಿಂದ ಹೊಳಪು ಸಾಂದ್ರತೆಯ ವರ್ಗದಂತೆ ಏರುತ್ತದೆ: ಸಾಂದ್ರತೆ ಹತ್ತು ಪಟ್ಟಾದರೆ ಹೊಳಪು ನೂರು ಪಟ್ಟು.

ಹೀಗೆ ನೋಡಿದರೆ ಕ್ಷೀರಪಥದ ಕೇಂದ್ರವೇ ಮೊದಲ ಆಯ್ಕೆ. 2008ರಲ್ಲಿ ಹಾರಿದ ಫರ್ಮಿ ಗಾಮಾ ಕಿರಣ ದೂರದರ್ಶಕಕ್ಕೆ ಅಲ್ಲಿ 1ರಿಂದ 3 ಜಿಇವಿ (ಕಿರಣಗಳ ಶಕ್ತಿಯ ಅಳತೆ; 1 ಜಿಇವಿ ಎಂದರೆ 1000 ಎಂಇವಿ) ಆಸುಪಾಸಿನಲ್ಲಿ ಹೆಚ್ಚುವರಿ ಹೊಳಪು ಕಂಡಿದೆ ಕೂಡ. ಆದರೆ ಮಿಲಿಸೆಕೆಂಡ್ ಪಲ್ಸಾರ್‌ಗಳ, ಅಂದರೆ ಅತಿ ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳ, ರೋಹಿತವೂ (ಯಾವ ಶಕ್ತಿಯ ಕಿರಣ ಎಷ್ಟು ಎಂಬ ಹಂಚಿಕೆ) ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಸಾಲದ್ದಕ್ಕೆ, ಕಾಸ್ಮಿಕ್ ಕಿರಣಗಳು ಅನಿಲಕ್ಕೆ ಬಡಿದು ಹುಟ್ಟಿಸುವ ಹಿನ್ನೆಲೆಯ ಲೆಕ್ಕವನ್ನು ತುಸು ಬದಲಿಸಿದರೂ ಆ ಹೆಚ್ಚುವರಿಯ ಆಕಾರ ಬದಲಾಗುತ್ತದೆ. ಕೇಂದ್ರವೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಕ್ಷೀರಪಥದ ಸುತ್ತಲಿರುವ, ಡಾರ್ಕ್ ಮ್ಯಾಟರ್ ತುಂಬಿದ ಪುಟ್ಟ ಗ್ಯಾಲಕ್ಸಿಗಳೇ ಕುಬ್ಜ ಗ್ಯಾಲಕ್ಸಿಗಳು. ಡ್ರೇಕೋ, ಸೆಗ್ವೆ 1ರಂಥವುಗಳಲ್ಲಿ ಅನಿಲ ಇಲ್ಲವೆನ್ನುವಷ್ಟು ಕಡಿಮೆ, ಹೊಸ ನಕ್ಷತ್ರಗಳೂ ಹುಟ್ಟುತ್ತಿಲ್ಲ. ಅಲ್ಲಿಂದ ಗಾಮಾ ಕಿರಣ ಬಂದರೆ ಅದಕ್ಕೆ ಬೇರೆ ಕಾರಣ ಹೇಳುವುದು ಕಷ್ಟ.

ವಿಶ್ಲೇಷಣೆಗೆ ಗ್ಯಾಲಕ್ಸಿಯನ್ನು ನಡುವಿಟ್ಟು ಸುಮಾರು 10 ಡಿಗ್ರಿ ಅಗಲದ ಆಕಾಶವನ್ನು ಆರಿಸಿಕೊಳ್ಳುತ್ತಾರೆ. 500 ಎಂಇವಿಗಿಂತ ಕೆಳಗಿನ ಫೋಟಾನ್‌ಗಳನ್ನು ಸಾಮಾನ್ಯವಾಗಿ ಬಿಡುವುದೇ ಒಳ್ಳೆಯದು. 100 ಎಂಇವಿಯಲ್ಲಿ ದಿಕ್ಕು ಹಲವು ಡಿಗ್ರಿ ಮಸುಕಾಗಿ, ಪಕ್ಕದ ಮೂಲಗಳ ಬೆಳಕೂ ಒಳಗೆ ಹರಿಯುತ್ತದೆ. ಭೂಮಿಯ ವಾತಾವರಣವೂ ಗಾಮಾ ಕಿರಣಗಳಲ್ಲಿ ಜೋರಾಗಿ ಹೊಳೆಯುವುದರಿಂದ ಆ ಕಡೆಯಿಂದ ಬಂದವನ್ನೂ ತೆಗೆಯಬೇಕು. ಆಮೇಲೆ ಗೊತ್ತಿರುವ ಮೂಲಗಳು, ಕ್ಷೀರಪಥದ ಹಿನ್ನೆಲೆ, ಎಲ್ಲೆಡೆ ಸಮನಾಗಿ ಹರಡಿದ ಹೊಳಪು, ಇವೆಲ್ಲದರ ಜೊತೆಗೆ ಡಾರ್ಕ್ ಮ್ಯಾಟರ್ ಸೇರಿಸಿದಾಗ ಹೊಂದಿಕೆ ಎಷ್ಟು ಸುಧಾರಿಸಿತು ಎಂದು ನೋಡುವುದು.

ಎಡವುವುದು ಎರಡು ಕಡೆ. ಒಂದು, ಗೊತ್ತಿರುವ ಮೂಲಗಳ ಪಟ್ಟಿಗೆ ಸೇರದಷ್ಟು ಮಸುಕಾದ ಬ್ಲೇಜಾರ್ (ನಮ್ಮತ್ತ ಕಿರಣಧಾರೆ ಚಿಮ್ಮಿಸುವ ದೂರದ ಗ್ಯಾಲಕ್ಸಿ ಕೇಂದ್ರ) ಆ ಕುಬ್ಜ ಗ್ಯಾಲಕ್ಸಿಯ ಹಿಂದೆಯೇ ಇದ್ದರೆ ಅದೇ ಸಂಕೇತದಂತೆ ಕಾಣುತ್ತದೆ. ಅದಕ್ಕೇ ಇದೇ ವಿಶ್ಲೇಷಣೆಯನ್ನು ಖಾಲಿ ಆಕಾಶದ ನೂರಾರು ಜಾಗಗಳಲ್ಲೂ ನಡೆಸಬೇಕು. ಸುಳ್ಳು ಸಂಕೇತ ಎಷ್ಟು ಸಲ ಬರುತ್ತದೆಂದು ತಿಳಿಯುವುದು ಹಾಗೆಯೇ. ಎರಡನೆಯದು ಇನ್ನೂ ಸೂಕ್ಷ್ಮ. ಕುಬ್ಜ ಗ್ಯಾಲಕ್ಸಿಯಲ್ಲಿ ಡಾರ್ಕ್ ಮ್ಯಾಟರ್ ಎಷ್ಟಿದೆಯೆಂದು ನಕ್ಷತ್ರಗಳ ವೇಗದ ಹರವಿನಿಂದ, ಅಂದರೆ ಅವುಗಳ ವೇಗ ಒಂದರಿಂದೊಂದಕ್ಕೆ ಎಷ್ಟು ಬೇರೆಯಾಗಿದೆ ಎಂಬುದರಿಂದ, ಅಂದಾಜಿಸುತ್ತಾರೆ. ದ್ರವ್ಯರಾಶಿ ಆ ಹರವಿನ ವರ್ಗದಂತೆ, ನಿರೀಕ್ಷಿತ ಹೊಳಪು ನಾಲ್ಕನೇ ಘಾತದಂತೆ ಏರುತ್ತದೆ. ವೇಗ ಅಳೆಯಲು ಸಿಗುವ ನಕ್ಷತ್ರಗಳು ಕೆಲವೇ ಡಜನ್ ಇರುವಾಗ, ಕ್ಷೀರಪಥದ್ದೇ ಒಂದೆರಡು ನಕ್ಷತ್ರ ಅಥವಾ ಒಂದು ಜೋಡಿ ನಕ್ಷತ್ರ ನುಸುಳಿ ಹರವು 20% ಹೆಚ್ಚಾದರೆ ಸಾಕು, ನಿರೀಕ್ಷೆ ಇಮ್ಮಡಿಯಾಗುತ್ತದೆ. ಆಗ ಏನೂ ಕಾಣದಿದ್ದರೂ, ವಿಂಪ್‌ಗಳಿಗೆ ಹಾಕುವ ಮಿತಿ ಇರಬೇಕಾದ್ದಕ್ಕಿಂತ ಎರಡು ಪಟ್ಟು ಬಿಗಿಯಾಗಿ ಕಾಣುತ್ತದೆ.