ಕೋಡ್ 43ರ ಏಳು ವರ್ಷ: ಗ್ರಾಫಿಕ್ಸ್ ಕಾರ್ಡನ್ನು ವರ್ಚುವಲ್ ಮಷಿನ್‌ಗೆ ಬಿಟ್ಟುಕೊಡುವ ಕಥೆ

‘ಈ ಸಾಧನವು ತೊಂದರೆಗಳನ್ನು ವರದಿ ಮಾಡಿರುವುದರಿಂದ ವಿಂಡೋಸ್ ಇದನ್ನು ನಿಲ್ಲಿಸಿದೆ. ಕೋಡ್ 43.’ ಕಂಪ್ಯೂಟರಿನ ಯಾವುದೋ ಭಾಗ ಕೆಟ್ಟಾಗ ವಿಂಡೋಸ್ ತೋರಿಸುವ ಸಾಮಾನ್ಯ ಸಂದೇಶವಿದು. ಆದರೆ 2014ರಿಂದ 2021ರವರೆಗೆ ಈ ಸಂದೇಶವನ್ನು ನೋಡಿ ಹಲ್ಲು ಕಡಿದವರಲ್ಲಿ ಬಹಳ ಮಂದಿಯ ಕಾರ್ಡ್ ಕೆಟ್ಟಿರಲಿಲ್ಲ. ತಂತಿ ಸಡಿಲವಾಗಿರಲಿಲ್ಲ, ವಿದ್ಯುತ್ ಕಡಿಮೆಯಾಗಿರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್‌ವಿಡಿಯಾದ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಸುತ್ತ ಕಣ್ಣಾಡಿಸಿ, ತಾನು ಓಡುತ್ತಿರುವುದು ನಿಜವಾದ ಯಂತ್ರದಲ್ಲಲ್ಲ, ತಂತ್ರಾಂಶವೇ ಕಟ್ಟಿದ ಸೋಗಿನ ಕಂಪ್ಯೂಟರಿನಲ್ಲಿ, ಅಂದರೆ ವರ್ಚುವಲ್ ಮಷಿನ್‌ನಲ್ಲಿ ಎಂದು ಪತ್ತೆ ಮಾಡಿ, ಕೆಲಸ ಮಾಡಲು ನಿರಾಕರಿಸುತ್ತಿತ್ತು. ದುಡ್ಡು ಕೊಟ್ಟು ಕೊಂಡ ಕಾರ್ಡು ಸುಸ್ಥಿತಿಯಲ್ಲಿದ್ದೂ ಪರದೆಯ ಮೇಲೆ ಹಳದಿ ತ್ರಿಕೋನ ಉಳಿಯುತ್ತಿತ್ತು.

ಇಂಥ ಉಸಾಬರಿ ಯಾರಿಗೆ ಬೇಕು ಎಂದು ಕೇಳಬಹುದು. ಲಿನಕ್ಸ್ ಬಳಸುವವರಿಗೆ ಬೇಕಿತ್ತು. ದಿನದ ಕೆಲಸವೆಲ್ಲ ಲಿನಕ್ಸ್‌ನಲ್ಲಿ, ಆಟಗಳು ಮತ್ತು ಕೆಲವು ವಿನ್ಯಾಸ ತಂತ್ರಾಂಶಗಳು ಮಾತ್ರ ವಿಂಡೋಸ್‌ನಲ್ಲಿ. ಪ್ರತಿ ಸಲ ಕಂಪ್ಯೂಟರನ್ನು ಆರಿಸಿ ಇನ್ನೊಂದು ವ್ಯವಸ್ಥೆಗೆ ಹೊರಳುವುದು ಬೇಸರದ ಕೆಲಸ. ಲಿನಕ್ಸ್ ಒಳಗೇ ವರ್ಚುವಲ್ ಮಷಿನ್ ಮಾಡಿ ವಿಂಡೋಸ್ ಓಡಿಸಬಹುದು. ಆದರೆ ಅಲ್ಲಿ ವಿಂಡೋಸ್‌ಗೆ ಸಿಗುವುದು ತಂತ್ರಾಂಶದಲ್ಲಿ ಕಟ್ಟಿದ ಸೋಗಿನ ಗ್ರಾಫಿಕ್ಸ್ ಕಾರ್ಡ್. ಅಕ್ಷರ, ಕಿಟಕಿ ತೋರಿಸಲು ಅದು ಸಾಕು, ಮೂರು ಆಯಾಮದ ಆಟಕ್ಕೆ ಸಾಲದು. ಇದಕ್ಕೆ ಕಂಡುಕೊಂಡ ದಾರಿಯೇ ಪಾಸ್‌ಥ್ರೂ. ಲಿನಕ್ಸ್ ತನ್ನ ಪರದೆಯನ್ನು ಪ್ರೊಸೆಸರ್‌ನಲ್ಲೇ ಇರುವ ಗ್ರಾಫಿಕ್ಸ್‌ನಿಂದ ನಡೆಸಿಕೊಳ್ಳುತ್ತದೆ. ಪ್ರತ್ಯೇಕ ಕಾರ್ಡಿನಿಂದ ಪೂರ್ತಿ ಕೈತೆಗೆದು ಅದನ್ನು ಅತಿಥಿ ವ್ಯವಸ್ಥೆಗೆ, ಅಂದರೆ ವರ್ಚುವಲ್ ಮಷಿನ್ ಒಳಗಿನ ವಿಂಡೋಸ್‌ಗೆ, ಒಪ್ಪಿಸುತ್ತದೆ. ವಿಂಡೋಸ್ ಅದಕ್ಕೆ ತಯಾರಕರ ಡ್ರೈವರನ್ನೇ ಹಾಕಿಕೊಳ್ಳುತ್ತದೆ. ಎಲ್ಲ ಸರಿಯಾದರೆ ವೇಗ ನಿಜ ಯಂತ್ರಕ್ಕೆ ತೀರಾ ಹತ್ತಿರ ಬರುತ್ತದೆ.

ಯೋಚನೆ ಹೊಸದಲ್ಲ. 1972ರಲ್ಲಿ ಬಂದ ಐಬಿಎಂನ ವಿಎಂ/370ರಲ್ಲೇ ಒಂದು ಟೇಪ್ ಡ್ರೈವನ್ನೋ ಪ್ರಿಂಟರನ್ನೋ ಒಂದೇ ವರ್ಚುವಲ್ ಮಷಿನ್‌ಗೆ ಮೀಸಲಿಡಲು ಅವಕಾಶವಿತ್ತು. ಆದರೆ ಮೇನ್‌ಫ್ರೇಮ್‌ಗಳು ಈ ಬಗೆಯ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಯಂತ್ರಗಳು. ನಮ್ಮ ಮೇಜಿನ ಮೇಲಿನ ಪಿಸಿಯ ವಂಶಾವಳಿಯೇ ಬೇರೆ. 1999ರಲ್ಲಿ ವಿಎಂವೇರ್ ಪಿಸಿಯೊಳಗೆ ಇನ್ನೊಂದು ಪಿಸಿಯನ್ನು ಓಡಿಸಿ ತೋರಿಸಿದಾಗ ಅದೆಲ್ಲ ತಂತ್ರಾಂಶದ ಚಮತ್ಕಾರವಾಗಿತ್ತು. 2005–06ರಲ್ಲಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗೇ ವರ್ಚುವಲೈಸೇಶನ್ ನೆರವು ಸೇರಿಸಿದವು. ಇಸ್ರೇಲಿನ ಕುಮ್ರಾನೆಟ್ ಎಂಬ ಪುಟ್ಟ ಕಂಪನಿಯಲ್ಲಿ ಆವಿ ಕಿವಿಟಿ ಬರೆದ, ವರ್ಚುವಲ್ ಮಷಿನ್ ನಡೆಸುವ ಕೆವಿಎಂ ತಂತ್ರಾಂಶ 2007ರ ಫೆಬ್ರುವರಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವಾಯಿತು. ಪ್ರೊಸೆಸರ್ ಹಂಚುವುದು ಇಷ್ಟಕ್ಕೆ ಸಲೀಸಾಯಿತು. ಕಾರ್ಡ್ ಒಪ್ಪಿಸುವುದು ಆಗಲಿಲ್ಲ.

ತೊಡಕು ಇದ್ದದ್ದು ಮೆಮೊರಿಯಲ್ಲಿ. ಗ್ರಾಫಿಕ್ಸ್ ಕಾರ್ಡ್ ಪ್ರತಿಯೊಂದಕ್ಕೂ ಪ್ರೊಸೆಸರ್‌ನ ಅಪ್ಪಣೆ ಕೇಳುತ್ತ ಕೂರುವುದಿಲ್ಲ. ‘ಇಂಥ ವಿಳಾಸದಲ್ಲಿ ದತ್ತಾಂಶವಿದೆ, ತೆಗೆದುಕೋ’ ಎಂದು ಡ್ರೈವರ್ ಹೇಳಿದರೆ ಕಾರ್ಡ್ ನೇರವಾಗಿ ಕಂಪ್ಯೂಟರಿನ ಮೆಮೊರಿಗೆ ಕೈ ಹಾಕಿ ಓದುತ್ತದೆ, ಬರೆಯುತ್ತದೆ. ಇದಕ್ಕೆ ಡಿಎಂಎ ಎಂದು ಹೆಸರು. ಈಗ ಅತಿಥಿ ವಿಂಡೋಸ್‌ನ ಸ್ಥಿತಿ ನೋಡಿ. ತನಗೆ ಸಿಕ್ಕ ಮೆಮೊರಿ ಸೊನ್ನೆಯಿಂದಲೇ ಶುರುವಾಗುತ್ತದೆ ಎಂದು ಅದು ನಂಬಿದೆ. ನಿಜದಲ್ಲಿ ಆ ಮೆಮೊರಿ ಲಿನಕ್ಸ್‌ನ ಮೆಮೊರಿಯ ನಡುವೆ ಎಲ್ಲೆಲ್ಲೋ ಚದುರಿದೆ. ವಿಂಡೋಸ್ ಕೊಟ್ಟ ಹುಸಿ ವಿಳಾಸವನ್ನು ಕಾರ್ಡ್ ನಿಜವೆಂದು ತಿಳಿದು ಬರೆಯತೊಡಗಿದರೆ ಅಳಿಸಿಹೋಗುವುದು ಲಿನಕ್ಸ್‌ನ ಒಳಗಿನ ಸಾಮಗ್ರಿ. ಯಂತ್ರ ಕುಸಿಯುತ್ತದೆ. ಕೆಟ್ಟ ಉದ್ದೇಶದ ಅತಿಥಿಯಾದರೆ ಬೇಕೆಂದೇ ಹಾಗೆ ಮಾಡಿ ಇಡೀ ಯಂತ್ರವನ್ನು ಕೈವಶ ಮಾಡಿಕೊಳ್ಳಬಹುದು.

ಹಾಗಾಗಿ ಸಾಧನಗಳಿಗೂ ಮೆಮೊರಿಗೂ ನಡುವೆ ಒಂದು ಹೊಸ ಘಟಕ ಬೇಕಾಯಿತು. ಅದೇ ಐಒಎಂಎಂಯು. ಸಾಧನ ಕೊಟ್ಟ ಪ್ರತಿ ವಿಳಾಸವನ್ನೂ ಅದು ಕೋಷ್ಟಕದಲ್ಲಿ ಹುಡುಕಿ ನಿಜ ವಿಳಾಸಕ್ಕೆ ಬದಲಿಸುತ್ತದೆ, ಅನುಮತಿ ಇಲ್ಲದ್ದನ್ನು ತಡೆಯುತ್ತದೆ. ಇಂಟೆಲ್ ಇದನ್ನು ವಿಟಿ-ಡಿ ಎಂಬ ಹೆಸರಿನಲ್ಲಿ 2007ರ ಚಿಪ್‌ಸೆಟ್‌ಗಳಲ್ಲಿ ತಂದಿತು. ಎಎಂಡಿಯ ಡೆಸ್ಕ್‌ಟಾಪ್‌ಗಳಿಗೆ ಇದು 2010ರ 890ಎಫ್ಎಕ್ಸ್ ಚಿಪ್‌ಸೆಟ್‌ನೊಂದಿಗೆ ಬಂತು.

ಬಂತು ಎಂದರೆ ಎಲ್ಲರಿಗೂ ಸಿಕ್ಕಿತು ಎಂದಲ್ಲ. ಇಂಟೆಲ್‌ನ ಕೋರ್ ಐ7-2600ರಲ್ಲಿ ವಿಟಿ-ಡಿ ಇತ್ತು. ಅದಕ್ಕಿಂತ ದುಬಾರಿಯಾದ, ಉತ್ಸಾಹಿಗಳಿಗೆಂದೇ ಮಾಡಿದ 2600ಕೆಯಲ್ಲಿ ಇರಲಿಲ್ಲ. 3770ಕೆಯಲ್ಲೂ ಇಲ್ಲ, 4770ಕೆಯಲ್ಲೂ ಇಲ್ಲ. 2014ರ 4790ಕೆ ಬರುವವರೆಗೆ ಹೆಚ್ಚು ದುಡ್ಡು ಕೊಟ್ಟವರಿಗೇ ಈ ಸೌಲಭ್ಯ ತಪ್ಪುತ್ತಿತ್ತು. ಇದು ಸಿಲಿಕಾನ್‌ನ ಮಿತಿಯಲ್ಲ, ಯಾವ ಗಿರಾಕಿಗೆ ಏನು ಕೊಡಬೇಕು ಎಂಬ ಮಾರಾಟದ ಲೆಕ್ಕ ಎಂದೇ ನನ್ನ ಅನಿಸಿಕೆ. ಆ ಲೆಕ್ಕ ಈ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ದೊಡ್ಡವರಿಗೆ ದಾರಿ ಬೇಗ ತೆರೆಯಿತು. 2010ರ ನವೆಂಬರ್‌ನಲ್ಲಿ ಅಮೆಜಾನ್ ಎರಡೆರಡು ಟೆಸ್ಲಾ ಎಂ2050 ಕಾರ್ಡ್‌ಗಳಿರುವ ವರ್ಚುವಲ್ ಮಷಿನ್‌ಗಳನ್ನು ಬಾಡಿಗೆಗೆ ಬಿಟ್ಟಿತು. ಅವು ಲೆಕ್ಕ ಹಾಕುವ ಕಾರ್ಡ್‌ಗಳು. ಅವುಗಳಿಂದ ಯಾರೂ ಪರದೆ ನಡೆಸಬೇಕಾಗಿರಲಿಲ್ಲ. ಮನೆಯ ಬಳಕೆದಾರನ ಕಷ್ಟ ಇದ್ದದ್ದೇ ಪರದೆಯಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ, ಕೆವಿಎಂನಂತೆಯೇ ವರ್ಚುವಲ್ ಮಷಿನ್ ನಡೆಸುವ ಕ್ಸೆನ್ 4.0ರಲ್ಲಿ ಪರದೆ ನಡೆಸುವ ಕಾರ್ಡನ್ನು ಒಪ್ಪಿಸುವ ಸೌಲಭ್ಯ ಪ್ರಯೋಗದ ಮಟ್ಟದಲ್ಲಿತ್ತು. ಪ್ಯಾಚ್ (ತಂತ್ರಾಂಶಕ್ಕೆ ಹಾಕುವ ತೇಪೆ) ಹುಡುಕಿ, ಕರ್ನೆಲ್ ಕಟ್ಟಿ, ದೇವರ ಮೇಲೆ ಭಾರ ಹಾಕುವ ಕೆಲಸ ಅದು. 1987ರ ವಿಜಿಎ ಎಂಬ ಪರದೆ ಮಾನದಂಡದ ಕಾಲದ ಪಳೆಯುಳಿಕೆ ಇಲ್ಲಿ ಅಡ್ಡ ಬರುತ್ತಿತ್ತು. 640 ಕೆಬಿಯ ಮೇಲಿನ 128 ಕೆಬಿಯಷ್ಟು ವಿಳಾಸವನ್ನು ಕಂಪ್ಯೂಟರಿನಲ್ಲಿರುವ ಎಲ್ಲ ವಿಜಿಎ ಕಾರ್ಡ್‌ಗಳೂ ‘ನನ್ನದು’ ಎನ್ನುತ್ತವೆ. ಒಂದು ಕಾರ್ಡ್ ಆತಿಥೇಯನ (ಹೊರಗಿನ ಲಿನಕ್ಸ್‌ನ) ಬಳಿ, ಇನ್ನೊಂದು ಅತಿಥಿಯ ಬಳಿ ಇದ್ದರೆ ಆ ವಿಳಾಸ ಯಾರ ಪಾಲಿಗೆ?

ಲಿನಕ್ಸ್‌ನಲ್ಲಿ ಇದನ್ನು ಹಳಿಗೆ ತಂದದ್ದು ವಿಎಫ್ಐಒ, ಸಾಧನಗಳನ್ನು ಅತಿಥಿಗೆ ಒಪ್ಪಿಸುವ ಕರ್ನೆಲ್ ಭಾಗ. ಸಿಸ್ಕೋದ ಟಾಮ್ ಲಯನ್ ಆರಂಭಿಸಿದ್ದನ್ನು ರೆಡ್ ಹ್ಯಾಟ್‌ನ ಅಲೆಕ್ಸ್ ವಿಲಿಯಮ್ಸನ್ ಹೊಸದಾಗಿ ಕಟ್ಟಿದರು. 2012ರಲ್ಲಿ ಕರ್ನೆಲ್ 3.6ರೊಂದಿಗೆ ಅದು ಬಂತು, ಮರುವರ್ಷ 3.9ರಲ್ಲಿ ವಿಜಿಎಗೆ ಬೆಂಬಲ ಸೇರಿತು. ಅತಿಥಿ ಯಂತ್ರಕ್ಕೆ ಕಂಪ್ಯೂಟರನ್ನು ಎಬ್ಬಿಸುವ ಹಳೆಯ ಬಯಾಸ್ ಬದಲು ಹೊಸ ಯುಇಎಫ್ಐ ಫರ್ಮ್‌ವೇರ್ ಹಾಕುವುದು ರೂಢಿಯಾದ ಮೇಲೆ ವಿಜಿಎ ಜಗಳ ಹೆಚ್ಚುಕಡಿಮೆ ಮುಗಿಯಿತು.

ಆದರೆ ವಿಎಫ್ಐಒ ಒಂದು ಕಟ್ಟುನಿಟ್ಟಿನ ನಿಯಮವನ್ನೂ ತಂದಿತು. ಮದರ್‌ಬೋರ್ಡಿನ ಮೇಲೆ ಸಾಧನಗಳು ಒಂದಕ್ಕೊಂದು ನೇರವಾಗಿ ಮಾತನಾಡಬಲ್ಲವು. ಐಒಎಂಎಂಯು ಕಣ್ಣಿಗೆ ಬೀಳದೆ ಒಳಗೊಳಗೇ ಹೀಗೆ ವ್ಯವಹರಿಸಬಲ್ಲ ಸಾಧನಗಳನ್ನೆಲ್ಲ ಕರ್ನೆಲ್ ಒಂದು ಗುಂಪಾಗಿ ನೋಡುತ್ತದೆ. ಒಪ್ಪಿಸುವುದಾದರೆ ಇಡೀ ಗುಂಪನ್ನೇ ಒಪ್ಪಿಸಬೇಕು. ಜಂಟಿ ಪಹಣಿಯ ಜಮೀನಿನಲ್ಲಿ ಪೋಡಿಯಾಗದೆ ಒಬ್ಬನ ಪಾಲನ್ನಷ್ಟೇ ಮಾರಲು ಹೊರಟಂತೆ ಇಲ್ಲಿನ ಪೇಚು. ಕಾರ್ಡಿನ ಜೊತೆಗೆ ಅದರದೇ ಧ್ವನಿ ಘಟಕ ಬಂದರೆ ಅಡ್ಡಿಯಿಲ್ಲ. ಆದರೆ ಹಾರ್ಡ್ ಡಿಸ್ಕ್ ನಡೆಸುವ ಘಟಕವೂ ಈಥರ್ನೆಟ್ಟೂ ಅದೇ ಗುಂಪಿನಲ್ಲಿ ಬಂದರೆ? ಅವನ್ನೂ ಕೊಟ್ಟುಬಿಟ್ಟರೆ ಲಿನಕ್ಸ್‌ಗೆ ಉಳಿಯುವುದೇನು? ಇವುಗಳನ್ನು ಬೇರ್ಪಡಿಸಲು ಕಾರ್ಡ್‌ಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಎಸಿಎಸ್ ಎಂಬ ವ್ಯವಸ್ಥೆಯಿದೆ. ಸರ್ವರ್‌ಗಳಲ್ಲಿ ಅದು ಇರುತ್ತದೆ, ಮನೆಯ ಅಗ್ಗದ ಬೋರ್ಡ್‌ಗಳಲ್ಲಿ ಬಹಳ ಸಲ ಇರುವುದಿಲ್ಲ.

2013ರಲ್ಲಿ ವಿಲಿಯಮ್ಸನ್ ಅವರೇ ಒಂದು ಪ್ಯಾಚ್ ಬರೆದರು. ‘ಇವು ಬೇರೆ ಬೇರೆಯೆಂದೇ ತಿಳಿ’ ಎಂದು ಕರ್ನೆಲ್‌ಗೆ ಹೇಳುವ ಪ್ಯಾಚ್ ಅದು. ಪ್ರತ್ಯೇಕತೆಯನ್ನು ಅದು ಸೃಷ್ಟಿಸುವುದಿಲ್ಲ, ಇದೆಯೆಂದು ಸುಳ್ಳು ಹೇಳುತ್ತದೆ. ಅದಕ್ಕೇ ಅದನ್ನು ಅಧಿಕೃತ ಕರ್ನೆಲ್‌ಗೆ ಸೇರಿಸಿಕೊಳ್ಳಲಿಲ್ಲ, ಆ ನಿರ್ಧಾರ ಸರಿಯಾಗಿಯೇ ಇದೆ. ಆದರೂ ಮನೆಯಲ್ಲಿ ತಮ್ಮದೇ ವಿಂಡೋಸ್ ಓಡಿಸುವವರಿಗೆ ಪರಕೀಯ ಅತಿಥಿಯ ಭಯವಿಲ್ಲವಾದ್ದರಿಂದ ಆ ಪ್ಯಾಚ್ ಇಂದಿಗೂ ಅನಧಿಕೃತವಾಗಿ ಚಾಲ್ತಿಯಲ್ಲಿದೆ.

ಇಷ್ಟಾಗುವ ಹೊತ್ತಿಗೆ ತಾಂತ್ರಿಕವಾಗಿ ದಾರಿ ಸಾಕಷ್ಟು ಸುಗಮವಾಗಿತ್ತು. ಆಗಲೇ ಕೋಡ್ 43 ಬಂದದ್ದು. 2014ರ ಮೇ ತಿಂಗಳ 337.88 ಡ್ರೈವರ್‌ನಿಂದ ಮುಂದಕ್ಕೆ, ಎನ್‌ವಿಡಿಯಾದ ಗೇಮಿಂಗ್ ಕಾರ್ಡ್‌ಗಳಾದ ಜೀಫೋರ್ಸ್‌ಗಳು ಕೆವಿಎಂ ಒಳಗೆ ಏಳದಾದವು. ಅದೇ ಚಿಪ್ ಇರುವ, ವೃತ್ತಿಪರರಿಗೆಂದು ಮಾರುವ ದುಬಾರಿ ಕ್ವಾಡ್ರೋ ಕಾರ್ಡ್‌ಗಳಿಗೆ ಈ ಕಾಯಿಲೆ ತಗಲಲಿಲ್ಲ. ಗೇಮಿಂಗ್ ಕಾರ್ಡಿಗೆ ವರ್ಚುವಲ್ ಮಷಿನ್‌ನಲ್ಲಿ ಬೆಂಬಲವಿಲ್ಲ ಎನ್ನುವುದು ಕಂಪನಿಯ ನಿಲುವಾಗಿತ್ತು. ಬೆಂಬಲವಿಲ್ಲ ಎಂದರೆ ಕೆಟ್ಟರೆ ಕೇಳಬೇಡಿ ಎಂದರ್ಥ. ಹುಡುಕಿ ನಿಲ್ಲಿಸುವುದು ಬೇರೆಯೇ ಮಾತು.

ಬೆಲೆ ನೋಡಿದರೆ ಕಾರಣ ಊಹಿಸುವುದು ಕಷ್ಟವಲ್ಲ. 2012ರಲ್ಲಿ ಜೀಫೋರ್ಸ್ ಜಿಟಿಎಕ್ಸ್ 680 ಬಿಡುಗಡೆಯಾದಾಗ ಬೆಲೆ 499 ಡಾಲರ್. ಅದೇ ಜಿಕೆ104 ಚಿಪ್, ಅಷ್ಟೇ 1536 ಕೋರ್‌ಗಳಿದ್ದ ಕ್ವಾಡ್ರೋ ಕೆ5000ಕ್ಕೆ 2,249 ಡಾಲರ್. ಕ್ವಾಡ್ರೋದಲ್ಲಿ ಮೆಮೊರಿ ದುಪ್ಪಟ್ಟಿತ್ತು, ವೃತ್ತಿಪರ ತಂತ್ರಾಂಶಗಳಿಗೆ ಖಾತರಿ ಇತ್ತು, ಹೌದು. ಆದರೆ 2013ರಲ್ಲಿ ಬೆಸುಗೆ ಕಡ್ಡಿ ಹಿಡಿದ ಹವ್ಯಾಸಿಗಳು ಒಂದು ಸಂಗತಿ ಪತ್ತೆ ಮಾಡಿದರು: ಕಾರ್ಡ್ ತನ್ನನ್ನು ಏನೆಂದು ಪರಿಚಯಿಸಿಕೊಳ್ಳುತ್ತದೆ ಎಂಬುದು ಹಲಗೆಯ ಮೇಲಿನ ಕೆಲವು ಸಣ್ಣ ರೆಸಿಸ್ಟರ್‌ಗಳಿಂದ ತೀರ್ಮಾನವಾಗುತ್ತದೆ. ಅವನ್ನು ಬದಲಿಸಿದರೆ ಜಿಟಿಎಕ್ಸ್ 690 ತನ್ನನ್ನು ಕ್ವಾಡ್ರೋ ಎಂದೇ ಹೇಳಿಕೊಳ್ಳುತ್ತಿತ್ತು. ಪೈಸೆ ಬೆಲೆಯ ಬಿಡಿಭಾಗ, ಸಾವಿರ ಡಾಲರ್ ಲೆಕ್ಕದ ವ್ಯತ್ಯಾಸ.

ಕೋಡ್ 43ಕ್ಕೆ ಬೆಸುಗೆ ಬೇಕಾಗಲಿಲ್ಲ. ಕೆವಿಎಂ ತನ್ನ ಇರುವಿಕೆಯನ್ನು ಅತಿಥಿಗೆ ಒಂದು ಸಹಿಯ ಮೂಲಕ ತಿಳಿಸುತ್ತದೆ. ಅದನ್ನು ಮರೆಮಾಡುವ ಆಯ್ಕೆ 2014ರಲ್ಲೇ, ಕೆವಿಎಂ ಜೊತೆ ಬಳಸುವ ಕ್ಯೂಇಎಂಯು ತಂತ್ರಾಂಶಕ್ಕೆ ಬಂತು. ಆಮೇಲಿನ ಡ್ರೈವರ್‌ಗಳು ಇನ್ನೊಂದು ಗುರುತನ್ನು ಹಿಡಿದವು. ವಿಂಡೋಸ್ ಅತಿಥಿ ಚುರುಕಾಗಿ ಓಡಲೆಂದು ಕೆವಿಎಂ ಮೈಕ್ರೋಸಾಫ್ಟ್‌ನದೇ ವರ್ಚುವಲ್ ಮಷಿನ್ ತಂತ್ರಾಂಶವಾದ ಹೈಪರ್-ವಿಯನ್ನು ಅನುಕರಿಸುತ್ತಿತ್ತು; ಡ್ರೈವರ್ ಆ ಗುರುತನ್ನು ಕಂಡರೂ ಮುಷ್ಕರ ಹೂಡಿತು. 2015ರ ಕೊನೆಗೆ ಅದಕ್ಕೂ ಮದ್ದು ಸಿಕ್ಕಿತು: ತಯಾರಕರ ಹೆಸರಿನ ಜಾಗದಲ್ಲಿ 12 ಅಕ್ಷರ ಮೀರದ ಯಾವುದೇ ಪದ ತುಂಬಬಹುದು. ಜನ ತಮಗೆ ತೋಚಿದ್ದನ್ನೆಲ್ಲ ತುಂಬಿದರು. ಕೆಲವರ ಸೃಜನಶೀಲತೆ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

ಇಂಥ ಆಯ್ಕೆಗಳ ಸಾಲುಗಳನ್ನು ಬರೆಯಬಲ್ಲವರಿಗೆ ಈ ಬೀಗ ಅರ್ಧ ಗಂಟೆಯ ಕೆಲಸ, ಉಳಿದವರಿಗೆ ಗೋಡೆ. ಹಾಗಿದ್ದೂ ಹುಚ್ಚು ಹಬ್ಬಿತು. 2016ರ ಜನವರಿಯಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್ ಒಂದೇ ಕಂಪ್ಯೂಟರಿಗೆ ಏಳು ಎಎಂಡಿ ಆರ್9 ನ್ಯಾನೋ ಕಾರ್ಡ್ ಹಾಕಿ ಏಳು ಜನರನ್ನು ಏಕಕಾಲಕ್ಕೆ ಆಟಕ್ಕೆ ಕೂರಿಸಿತು.

ಎಎಂಡಿ ಇಂಥ ಬೀಗ ಹಾಕಿರಲಿಲ್ಲ, ಆದರೆ ಅದರ ಕಾರ್ಡ್‌ಗಳಿಗೆ ಬೇರೆ ರೋಗವಿತ್ತು. ಅತಿಥಿಯನ್ನು ಆರಿಸಿ ಮತ್ತೆ ಹಚ್ಚಿದರೆ ಕಾರ್ಡ್ ಎಚ್ಚರಗೊಳ್ಳುತ್ತಿರಲಿಲ್ಲ. ನಿಜ ಕಂಪ್ಯೂಟರಿನಲ್ಲಿ ವಿದ್ಯುತ್ ಹೋಗಿ ಬಂದಾಗ ಎಲ್ಲವೂ ಹೊಸದಾಗಿ ಶುರುವಾಗುತ್ತದೆ; ಇಲ್ಲಿ ವಿದ್ಯುತ್ ಹೋಗುವುದೇ ಇಲ್ಲವಲ್ಲ. ಸಾಧನವೊಂದನ್ನೇ ಮೊದಲ ಸ್ಥಿತಿಗೆ ತರುವ ಸೌಲಭ್ಯ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕಡ್ಡಾಯವಲ್ಲ. ಪೋಲಾರಿಸ್, ವೇಗಾ, ನಾವಿ ಪೀಳಿಗೆಯ ಕಾರ್ಡ್‌ಗಳಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, 2020ರಲ್ಲಿ ಆಸ್ಟ್ರೇಲಿಯಾದ ಜೆಫ್ರಿ ಮ್ಯಾಕ್ರೇ ಮತ್ತು ಜೊತೆಗಾರರು ಕಾರ್ಡಿನ ಒಳಗಿನ ಹೆಜ್ಜೆಗಳನ್ನು ಅನುಸರಿಸಿ ಮರುಸ್ಥಾಪಿಸುವ ಕರ್ನೆಲ್ ಮಾಡ್ಯೂಲನ್ನೇ ಬರೆಯಬೇಕಾಯಿತು. ಕಂಪನಿ ಮಾಡಬೇಕಿದ್ದ ಕೆಲಸವನ್ನು ಗಿರಾಕಿಗಳು ಮಾಡಿದರು. ಅತಿಥಿಯ ಚಿತ್ರವನ್ನು ಬೇರೆ ಮಾನಿಟರ್ ಇಲ್ಲದೆ ಆತಿಥೇಯನ ಪರದೆಯಲ್ಲೇ ತೋರಿಸುವ ಲುಕಿಂಗ್ ಗ್ಲಾಸ್ ಕೂಡ ಇದೇ ಮ್ಯಾಕ್ರೇ ಅವರದು.

2021ರ ಮಾರ್ಚ್ 30ರಂದು ಎನ್‌ವಿಡಿಯಾ 465 ಸರಣಿಯ ಡ್ರೈವರ್ ಬಿಡುಗಡೆ ಮಾಡಿ, ಜೀಫೋರ್ಸ್ ಕಾರ್ಡ್‌ಗಳಿಗೆ ಪಾಸ್‌ಥ್ರೂ ಬೆಂಬಲವನ್ನು ಬೀಟಾ ರೂಪದಲ್ಲಿ ಕೊಡುತ್ತಿರುವುದಾಗಿ ಪ್ರಕಟಿಸಿತು. ಏಳು ವರ್ಷ ಕಟ್ಟಿದ್ದ ಬೇಲಿಯನ್ನು ತೆಗೆದದ್ದೇಕೆ? ನನಗೆ ಕಾಣುವಂತೆ, ಆ ಹೊತ್ತಿಗೆ ಬೇಲಿ ಬೇರೆಡೆಗೆ ಸರಿದಾಗಿತ್ತು. 2017ರ ಕೊನೆಯಲ್ಲಿ ಕಂಪನಿ ಜೀಫೋರ್ಸ್ ಡ್ರೈವರ್‌ನ ಪರವಾನಗಿಗೆ ದತ್ತಾಂಶ ಕೇಂದ್ರಗಳಲ್ಲಿ ಬಳಸಬಾರದು ಎಂಬ ಷರತ್ತು ಸೇರಿಸಿತ್ತು. ಅಗ್ಗದ ಕಾರ್ಡ್ ಕೊಂಡು ಕ್ಲೌಡ್ ನಡೆಸುವವರನ್ನು ಅದು ಕಾನೂನಿನಿಂದಲೇ ತಡೆಯುತ್ತದೆ. ಮನೆಯವನ ವಿಂಡೋಸ್ ಕೆಡಿಸುವುದರಿಂದ ಬರುತ್ತಿದ್ದದ್ದು ಬೈಗುಳ ಮಾತ್ರ.

ಇನ್ನೊಂದು ಗೆರೆಯನ್ನು ಕಂಪನಿ ಅಂದೂ ದಾಟಲಿಲ್ಲ. ಒಂದು ಜೀಫೋರ್ಸ್ ಕಾರ್ಡ್ ಒಂದು ವರ್ಚುವಲ್ ಮಷಿನ್‌ಗೆ ಮಾತ್ರ. ಒಂದೇ ಕಾರ್ಡನ್ನು ಹಲವು ಅತಿಥಿಗಳಿಗೆ ಹೋಳು ಮಾಡಿ ಕೊಡಲು ವೃತ್ತಿಪರ ಕಾರ್ಡೂ ಬೇಕು, ಪ್ರತ್ಯೇಕ ತಂತ್ರಾಂಶ ಪರವಾನಗಿಯೂ ಬೇಕು. ಮರು ತಿಂಗಳೇ ಹಳೆಯ ಪೀಳಿಗೆಯ ಜೀಫೋರ್ಸ್‌ಗಳಲ್ಲೂ ಹೋಳು ಮಾಡಬಹುದೆಂದು ಹವ್ಯಾಸಿಗಳು ತೋರಿಸಿದರು. ಇಂಟೆಲ್ ತನ್ನ ಪ್ರೊಸೆಸರ್‌ಗಳೊಳಗಿನ ಗ್ರಾಫಿಕ್ಸ್‌ಗೆ ಇಂಥ ಹಂಚಿಕೆಯನ್ನು ಕೆಲವು ಪೀಳಿಗೆಗಳ ಕಾಲ ಧಾರಾಳವಾಗಿ ಕೊಟ್ಟು, ಆಮೇಲೆ ಆ ವಿಧಾನವನ್ನು ಕೈಬಿಟ್ಟಿತು.

ಬೀಗ ತೆಗೆಯುವಷ್ಟರಲ್ಲಿ ಆಟಗಾರರಲ್ಲಿ ಹಲವರು ಆ ಬಾಗಿಲಿನಿಂದಲೇ ದೂರ ನಡೆದಿದ್ದರು. 2018ರಲ್ಲಿ ಆಟಗಳ ಕಂಪನಿ ವಾಲ್ವ್ ಬಿಡುಗಡೆ ಮಾಡಿದ ಪ್ರೋಟಾನ್‌ನಿಂದಾಗಿ ಸಾವಿರಾರು ವಿಂಡೋಸ್ ಆಟಗಳು ಲಿನಕ್ಸ್‌ನಲ್ಲೇ ಓಡುತ್ತವೆ. ಓಡದೆ ಉಳಿದವುಗಳಲ್ಲಿ ದೊಡ್ಡ ಪಾಲು ಮೋಸ ತಡೆಯುವ ತಂತ್ರಾಂಶ ಅಳವಡಿಸಿಕೊಂಡ ಆನ್‌ಲೈನ್ ಆಟಗಳದು. ರಯಟ್ ಕಂಪನಿಯ ವ್ಯಾನ್‌ಗಾರ್ಡ್‌ನಂಥವು ವರ್ಚುವಲ್ ಮಷಿನ್ ಕಂಡರೆ ಆಟವನ್ನೇ ಬಿಡುವುದಿಲ್ಲ. ಅವರಿಗೆ ಇರುವ ಕಾರಣ ಎನ್‌ವಿಡಿಯಾಕ್ಕಿಂತ ಗಟ್ಟಿಯಾದದ್ದು: ಅತಿಥಿಯ ಮೆಮೊರಿಯನ್ನು ಹೊರಗಿನಿಂದ ಓದಿ ಎದುರಾಳಿ ಎಲ್ಲಿದ್ದಾನೆಂದು ತಿಳಿಯುವುದು ಆತಿಥೇಯನಿಗೆ ಸುಲಭ. ಕೋಡ್ 43ರ ಕಾಲದಲ್ಲಿ ಕಲಿತ ಅಡಗಿಸುವ ಕಸುಬು ಇವರ ಮುಂದೆ ಮತ್ತೆ ಪ್ರಯೋಗವಾಗುತ್ತಿದೆ, ಮತ್ತು ಇಲ್ಲಿ ಸಿಕ್ಕಿಬಿದ್ದರೆ ಖಾತೆಯೇ ರದ್ದಾಗಬಹುದು.

ಈಗ ಪಾಸ್‌ಥ್ರೂ ಹುಡುಕಿ ಬರುವವರಲ್ಲಿ ಹೊಸ ಬಗೆಯ ಜನರೂ ಇದ್ದಾರೆ. ಮನೆಯ ಮೂಲೆಯಲ್ಲಿ ವರ್ಚುವಲ್ ಮಷಿನ್‌ಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಹಾಕಿದ ಹಳೆಯ ಯಂತ್ರ, ಅದರೊಳಗೆ ಒಂದು ಲಿನಕ್ಸ್ ಅತಿಥಿ, ಅದಕ್ಕೆ 24 ಜಿಬಿಯ ಒಂದು ಕಾರ್ಡ್, ಅದರ ಮೇಲೆ ಓಡುವ ಭಾಷಾ ಮಾದರಿ. ಇವರಿಗೆ ಮಾನಿಟರ್ ಬೇಡ, ವಿಜಿಎ ಗೊಡವೆಯಿಲ್ಲ, ಹೈಪರ್-ವಿ ಅನುಕರಣೆಯೂ ಬೇಡ. ಗುಂಪುಗಳ ಕಾಟ ಮಾತ್ರ ಇವರಿಗೂ ತಪ್ಪಿಲ್ಲ. ಮದರ್‌ಬೋರ್ಡ್ ಕೊಳ್ಳುವಾಗ ಎಷ್ಟು ಬಣ್ಣದ ದೀಪಗಳಿವೆ ಎಂಬುದು ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಯಾವ ಸ್ಲಾಟ್ ಯಾವ ಐಒಎಂಎಂಯು ಗುಂಪಿಗೆ ಸೇರುತ್ತದೆ ಎಂಬುದು ಸಾಮಾನ್ಯವಾಗಿ ಕೈಪಿಡಿಯಲ್ಲೂ ಇರುವುದಿಲ್ಲ. ತಂದು, ಜೋಡಿಸಿ, ಲಿನಕ್ಸ್ ಹಚ್ಚಿ ನೋಡಿದ ಮೇಲೆಯೇ ತಿಳಿಯಬೇಕು.